ಪರೀಕ್ಷಾ ಕೊಠಡಿಯ ಕ್ಯಾಮೆರಾ: ಎರಡು ವರ್ಷ ಬಳಸಿದ ಮೇಲೆ

ಮುಧೋಳ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಮುಖ್ಯೋಪಾಧ್ಯಾಯ. ನಮ್ಮ ಶಾಲೆ ಎಸ್‌ಎಸ್‌ಎಲ್‌ಸಿ ಪರೀಕ್ಷಾ ಕೇಂದ್ರವೂ ಹೌದು. 2024ರ ಆರಂಭದಲ್ಲಿ, ಹಳೆಯ ವಿದ್ಯಾರ್ಥಿಗಳು ಕೂಡಿಸಿಕೊಟ್ಟ ದೇಣಿಗೆಯಿಂದ, 15 ಕ್ಯಾಮೆರಾಗಳ ಒಂದು ಸೆಟ್ಟನ್ನು ಬಾಗಲಕೋಟೆಯ ಅಂಗಡಿಯೊಂದರಿಂದ ಖರೀದಿಸಿ ಅಳವಡಿಸಿದೆವು. ಹನ್ನೆರಡು ಕೊಠಡಿಗಳಿಗೆ ಒಂದೊಂದು, ಪಡಸಾಲೆಗೆ ಎರಡು, ಪ್ರಶ್ನೆಪತ್ರಿಕೆಯ ಬಂಡಲ್ ಒಡೆಯುವ ನನ್ನ ಕೋಣೆಗೆ ಒಂದು. ಕ್ಯಾಮೆರಾ, ರೆಕಾರ್ಡರ್, ಹಾರ್ಡ್ ಡಿಸ್ಕ್, ಕೇಬಲ್, ಕೂಲಿ ಎಲ್ಲ ಸೇರಿ 90 ಸಾವಿರ ರೂಪಾಯಿಗೆ ಸ್ವಲ್ಪ ಕಡಿಮೆ ಬಿದ್ದಿತು. ಅಕ್ಕಪಕ್ಕದ ಊರುಗಳ ಮುಖ್ಯಗುರುಗಳು ಈ ಖರೀದಿಯ ಬಗ್ಗೆ ಮೇಲಿಂದ ಮೇಲೆ ಕೇಳುತ್ತಿರುವುದರಿಂದ, ಎರಡು ವರ್ಷಗಳ ಬಳಕೆಯಲ್ಲಿ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಂಪನಿಯ ಹೆಸರನ್ನೂ ಅಂಗಡಿಯ ಹೆಸರನ್ನೂ ಬರೆಯುವುದಿಲ್ಲ. ನಾನು ಹೇಳುವ ತೊಂದರೆಗಳು ಯಾವ ಕಂಪನಿಯ ಸೆಟ್ಟಿನಲ್ಲೂ ಬರಬಹುದಾದವು.

2024ರ ಮಾರ್ಚ್ 25ರಿಂದ ಏಪ್ರಿಲ್ 6ರವರೆಗೆ ನಡೆದ ಎಸ್‌ಎಸ್‌ಎಲ್‌ಸಿ ಪರೀಕ್ಷೆ–1ರಲ್ಲಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯು ರಾಜ್ಯದ 2,750 ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ವ್ಯವಸ್ಥೆಯನ್ನು ತಂದಿತು. ಕೊಠಡಿಯಲ್ಲಿ ನಡೆಯುವುದನ್ನು ಜಿಲ್ಲಾ ಕೇಂದ್ರದಲ್ಲಿ ಕುಳಿತವರು ಆ ಕ್ಷಣದಲ್ಲೇ ನೋಡುವಂತಾಯಿತು. ಅಲ್ಲಿಯವರೆಗೆ ನಮ್ಮ ಕಡೆಯ ಶಾಲೆಗಳಲ್ಲಿದ್ದ ಕ್ಯಾಮೆರಾಗಳ ಕೆಲಸ ಕಳ್ಳತನವಾದ ಮೇಲೆ ನೋಡುವುದಷ್ಟೇ ಆಗಿತ್ತು. ಗೇಟಿಗೊಂದು, ಕಂಪ್ಯೂಟರ್ ಕೋಣೆಗೊಂದು ಇದ್ದರೆ ಸಾಕಿತ್ತು. ಪರೀಕ್ಷೆಗೆ ಬೇಕಾದ ಕ್ಯಾಮೆರಾ ಬೇರೆಯದೇ ಜಾತಿಯದು ಎಂಬುದು ನಮಗೂ ತಿಳಿದಿರಲಿಲ್ಲ, ಮಾರಿದ ಅಂಗಡಿಯವರಿಗೂ ತಿಳಿದಿರಲಿಲ್ಲ.

ಮೊದಲು ಚಿತ್ರದ ಮಾತು. ನಾವು ಕೊಂಡದ್ದು 2 ಮೆಗಾಪಿಕ್ಸೆಲ್‌ನ, 2.8 ಮಿಲಿಮೀಟರ್ ಲೆನ್ಸಿನ ಗುಂಡನೆಯ ಕ್ಯಾಮೆರಾಗಳು. ಲೆನ್ಸಿನ ಅಳತೆ ಚಿಕ್ಕದಾದಷ್ಟೂ ನೋಟದ ಹರವು ಹೆಚ್ಚು. 24 ಮಕ್ಕಳು ಕೂರುವ ಕೊಠಡಿಯನ್ನು ಒಂದೇ ಮೂಲೆಯಿಂದ ಹಿಡಿಯಲು 2.8ರ ಲೆನ್ಸೇ ಸರಿ. ಅಂಗಡಿಯ ಹುಡುಗರು ಎಲ್ಲ ಕ್ಯಾಮೆರಾಗಳನ್ನೂ ಕರಿಹಲಗೆಯ ಮೇಲ್ಭಾಗದಲ್ಲಿ, ಮಕ್ಕಳ ಮುಖ ಕಾಣುವಂತೆ ಕೂರಿಸಿ ಹೋದರು. ನೋಡಲು ಅಚ್ಚುಕಟ್ಟಾಗಿತ್ತು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಒಂದು ದಿನ ಪರದೆಯ ಮುಂದೆ ಕುಳಿತಾಗ ಅದರ ಬಣ್ಣ ಬಯಲಾಯಿತು. ಬೆಳಗಿನ ಬಿಸಿಲು ಎದುರಿನ ಕಿಟಕಿಯಿಂದ ನೇರವಾಗಿ ಲೆನ್ಸಿಗೆ ಹೊಡೆದು ಮಕ್ಕಳೆಲ್ಲ ಕರಿಯ ನೆರಳುಗಳಾಗಿ ಕಾಣುತ್ತಿದ್ದರು. ಡೆಸ್ಕಿನ ಮರೆಯಲ್ಲಿದ್ದ ಕೈಗಳಂತೂ ಕಾಣುತ್ತಲೇ ಇರಲಿಲ್ಲ. ಚೀಟಿ ಇರುವುದು ಕೈಯಲ್ಲಿ, ಮುಖದಲ್ಲಿ ಅಲ್ಲವಲ್ಲ. ಫೆಬ್ರವರಿಯಲ್ಲಿ ಹನ್ನೆರಡೂ ಕ್ಯಾಮೆರಾಗಳನ್ನು ಬಿಚ್ಚಿಸಿ, ಕಿಟಕಿ ಇರುವ ಗೋಡೆಯ ಹಿಂದಿನ ಮೂಲೆಗೆ ಹಾಕಿಸಿದೆವು. ಆಗ ಬೆಳಕು ಕ್ಯಾಮೆರಾದ ಬೆನ್ನಿಗೆ ಬಿದ್ದು ಮಕ್ಕಳ ಕೈ, ಮಡಿಲು, ಉತ್ತರಪತ್ರಿಕೆ, ಮೇಲ್ವಿಚಾರಕರ ಓಡಾಟ ಎಲ್ಲವೂ ಕಾಣತೊಡಗಿದವು. ಎರಡು ಕೊಠಡಿಗಳಲ್ಲಿ ಫ್ಯಾನಿನ ಕೊಳವೆ ನಡುವೆ ಬಂದು ಎರಡೆರಡು ಡೆಸ್ಕುಗಳನ್ನು ಮುಚ್ಚುತ್ತಿತ್ತು, ಅಲ್ಲಿ ಕ್ಯಾಮೆರಾವನ್ನು ಒಂದು ಅಡಿ ಕೆಳಗಿಳಿಸಬೇಕಾಯಿತು. ಹೊಸದಾಗಿ ಹಾಕಿಸುವವರು ಮಕ್ಕಳನ್ನು ಕೂರಿಸಿಯೇ ಜಾಗ ಗೊತ್ತು ಮಾಡಬೇಕು. ಖಾಲಿ ಕೊಠಡಿಯಲ್ಲಿ ನೋಡಿ ಒಪ್ಪಿದರೆ ನಮ್ಮಂತೆ ಎರಡು ಸಲ ಕೂಲಿ ಕೊಡಬೇಕಾಗುತ್ತದೆ.

ಎರಡನೆಯ ತೊಂದರೆ ದಾಖಲೆಯದು, ಇದು ಇನ್ನೂ ಗಂಭೀರ. ಅಂಗಡಿಯವರು ರೆಕಾರ್ಡರನ್ನು ದಿನದ ಇಪ್ಪತ್ನಾಲ್ಕು ಗಂಟೆಯೂ ದಾಖಲಿಸುವಂತೆ ಇಟ್ಟು ಹೋಗಿದ್ದರು. ನಮ್ಮ ಒಂದೊಂದು ಕ್ಯಾಮೆರಾ ಸೆಕೆಂಡಿಗೆ ಸುಮಾರು 2 ಮೆಗಾಬಿಟ್ ಚಿತ್ರ ಕಳಿಸುತ್ತದೆ. ಹದಿನೈದು ಸೇರಿದರೆ ಗಂಟೆಗೆ ಹದಿಮೂರೂವರೆ ಗಿಗಾಬೈಟ್, ದಿನಕ್ಕೆ 324 ಗಿಗಾಬೈಟ್. ನಮ್ಮದು 2 ಟೆರಾಬೈಟ್‌ನ ಡಿಸ್ಕ್. ಆರು ದಿನ ಕಳೆಯುತ್ತಲೇ ಅದು ತುಂಬಿ, ಹಳೆಯದನ್ನು ತಾನೇ ಅಳಿಸಿ ಅದರ ಮೇಲೆ ಹೊಸದನ್ನು ಬರೆಯುತ್ತದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡುನಡುವೆ ಬಿಡುವು ಕೊಟ್ಟು ಸುಮಾರು ಎರಡು ವಾರ ನಡೆಯುವಂಥದು. ಅಂದರೆ ಕೊನೆಯ ಪತ್ರಿಕೆ ಮುಗಿಯುವಾಗ ಪ್ರಥಮ ಭಾಷೆಯ ದಿನದ ಒಂದು ನಿಮಿಷವೂ ನಮ್ಮಲ್ಲಿ ಉಳಿಯುತ್ತಿರಲಿಲ್ಲ. ಮುಂದೆ ಯಾರಾದರೂ ದೂರು ಕೊಟ್ಟಿದ್ದರೆ, ತಪ್ಪು ಮಾಡದ ಮಗುವನ್ನೋ ಮೇಲ್ವಿಚಾರಕರನ್ನೋ ಕಾಯಲು ಪುರಾವೆಯೇ ಇರುತ್ತಿರಲಿಲ್ಲ. ನಮ್ಮ ಗಣಿತ ಶಿಕ್ಷಕರು ಒಂದು ಸಂಜೆ ಕಾಗದದ ಮೇಲೆ ಈ ಲೆಕ್ಕ ಹಾಕಿ ತೋರಿಸಿದ್ದರಿಂದ ಬಚಾವಾದೆವು. ಪರೀಕ್ಷೆಯ ದಿನ ಬಂಡಲ್ ಬರುವ ಹೊತ್ತಿನಿಂದ ಉತ್ತರಪತ್ರಿಕೆಗಳನ್ನು ಸೀಲ್ ಮಾಡುವವರೆಗಿನ ಐದು ಗಂಟೆ ಮಾತ್ರ ದಾಖಲಿಸಿದರೆ ದಿನಕ್ಕೆ 68 ಗಿಗಾಬೈಟಿನೊಳಗೇ ಮುಗಿಯುತ್ತದೆ. ಆರು ಪತ್ರಿಕೆಗಳಿಗೂ ಕೂಡಿ ಡಿಸ್ಕಿನ ಕಾಲು ಭಾಗ ಸಾಕು. ರಾತ್ರಿಯ ಕಾವಲಿಗೆ ಪಡಸಾಲೆಯ ಎರಡು ಕ್ಯಾಮೆರಾಗಳನ್ನು ಮಾತ್ರ ಸದಾ ಚಾಲೂ ಇಟ್ಟಿದ್ದೇವೆ.

ಗಡಿಯಾರವನ್ನೂ ನೋಡಿಕೊಳ್ಳಬೇಕು. ನಮ್ಮ ರೆಕಾರ್ಡರಿನಲ್ಲಿ ಭಾರತೀಯ ಕಾಲಮಾನ ಹೊಂದಿಸಿರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ನಡೆದದ್ದು ದಾಖಲೆಯಲ್ಲಿ ನಸುಕಿನ ನಾಲ್ಕೂವರೆಗೆ ನಡೆದಂತೆ ತೋರುತ್ತಿತ್ತು. ಹತ್ತು ನಿಮಿಷದ ಕೆಲಸ, ಆದರೂ ನಾವೇ ಕಂಡುಹಿಡಿದು ಫೋನ್ ಮಾಡಬೇಕಾಯಿತು.

ವಿದ್ಯುತ್ತಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ, ಮಾರ್ಚ್ ತಿಂಗಳ ಕರೆಂಟು ಹೇಗಿರುತ್ತದೆಂಬುದು ನಮ್ಮ ಭಾಗದವರಿಗೆ ಗೊತ್ತೇ ಇದೆ. ಅಂಗಡಿಯವರು ಕಂಪ್ಯೂಟರಿಗೆ ಇಡುವ ಸಣ್ಣ ಯುಪಿಎಸ್ ಕೊಟ್ಟು ಇಷ್ಟೇ ಸಾಕೆಂದರು. ಕ್ಯಾಮೆರಾಗಳು, ಸ್ವಿಚ್, ರೆಕಾರ್ಡರ್, ರೌಟರ್ ಎಲ್ಲ ಸೇರಿ ಸುಮಾರು 120 ವ್ಯಾಟ್ ಎಳೆಯುತ್ತವೆ. ಅಷ್ಟಕ್ಕೆ ಆ ಯುಪಿಎಸ್ ಅರ್ಧ ಗಂಟೆಯೂ ತಾಳಲಿಲ್ಲ. ಪತ್ರಿಕೆ ಓದಿಕೊಳ್ಳಲು ಕೊಡುವ ಹದಿನೈದು ನಿಮಿಷವೂ ಸೇರಿ ಪರೀಕ್ಷೆ ಮೂರೂಕಾಲು ಗಂಟೆಯದು. 150 ಆಂಪಿಯರ್ ಅವರ್‌ನ ಬ್ಯಾಟರಿಯ ಇನ್ವರ್ಟರನ್ನು ಪ್ರತ್ಯೇಕವಾಗಿ ತಂದ ಮೇಲೆ ಇಡೀ ದಿನ ಕರೆಂಟು ಹೋದರೂ ಚಿಂತೆಯಿಲ್ಲ. ಅಂತರ್ಜಾಲಕ್ಕೆ ಬಂದರೆ, ಹೊರಗೆ ಕಳಿಸುವ ಚಿತ್ರವನ್ನು ಕಡಿಮೆ ಗಾತ್ರಕ್ಕೆ ಇಳಿಸಿದರೆ ಹದಿನೈದು ಕ್ಯಾಮೆರಾಗಳಿಗೆ ಸೆಕೆಂಡಿಗೆ ಏಳೂವರೆಯಿಂದ ಎಂಟು ಮೆಗಾಬಿಟ್ ಅಪ್‌ಲೋಡ್ ಬೇಕು. ಸಿಮ್ ಹಾಕುವ ಡಬ್ಬಿಯಿಂದ ಅದು ದಕ್ಕಲಿಲ್ಲ, ಫೈಬರ್ ಸಂಪರ್ಕವನ್ನೇ ತೆಗೆದುಕೊಳ್ಳಬೇಕಾಯಿತು.

ಈಗ ಹೇಳುವುದನ್ನು ಹೆಣ್ಣುಮಕ್ಕಳು ಓದುವ ಪ್ರತಿ ಶಾಲೆಯವರೂ ಗಮನವಿಟ್ಟು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಅಳವಡಿಸಿ ಒಂದು ತಿಂಗಳಾಗಿತ್ತು. ಏನೋ ದುರಸ್ತಿಗೆಂದು ಅಂಗಡಿಗೆ ಫೋನ್ ಮಾಡಿದಾಗ ತಂತ್ರಜ್ಞ ಹುಡುಗ, "ಸರ, ನಿಮ್ಮ ಏಳನೇ ರೂಮಿನ ಕ್ಯಾಮೆರಾ ಸ್ವಲ್ಪ ಸೊಟ್ಟ ಆಗೇತ್ರಿ, ನಾ ಇಲ್ಲೇ ಮೊಬೈಲ್‌ದಾಗ ನೋಡಾಕತ್ತೇನಿ" ಎಂದ. ಆ ಹುಡುಗ ಸಹಾಯ ಮಾಡುವ ಮನಸ್ಸಿನಿಂದಲೇ ಹೇಳಿದ್ದ. ನನಗೆ ಮಾತ್ರ ಎದೆ ಝಲ್ ಎಂದಿತು. ಅಳವಡಿಸುವಾಗ ಪರೀಕ್ಷಿಸಲೆಂದು ತನ್ನ ಮೊಬೈಲಿನ ಆ್ಯಪಿಗೆ ಜೋಡಿಸಿಕೊಂಡಿದ್ದ ಸಂಪರ್ಕವನ್ನು ಆತ ತೆಗೆದೇ ಇರಲಿಲ್ಲ, ರೆಕಾರ್ಡರಿನ ಪಾಸ್‌ವರ್ಡೂ ಅಂಗಡಿಯವರೇ ಇಟ್ಟಿದ್ದು. ಒಂದು ತಿಂಗಳ ಕಾಲ ನಮ್ಮ ಮಕ್ಕಳು ಕುಳಿತಿದ್ದ ಕೊಠಡಿಗಳನ್ನು ಮೂವತ್ತು ಮೈಲಿ ಆಚೆಯ ಅಪರಿಚಿತರು ಬೇಕೆಂದಾಗ ನೋಡಬಹುದಾಗಿತ್ತು. ಅಂದೇ ಸಂಜೆ ಆತನನ್ನು ಕರೆಸಿ, ನನ್ನ ಎದುರಿಗೇ ಆ ಸಂಪರ್ಕವನ್ನು ಅಳಿಸಿಸಿ, ಪಾಸ್‌ವರ್ಡ್ ಬದಲಿಸಿ, ಅದನ್ನು ಲಕೋಟೆಯಲ್ಲಿ ಸೀಲ್ ಮಾಡಿ ಬೀರುವಿನಲ್ಲಿ ಇಟ್ಟೆವು. ಈಗ ರೆಕಾರ್ಡರ್ ತೆರೆದವರು ದಿನಾಂಕ, ಕಾರಣ ಬರೆದು ವಹಿಯಲ್ಲಿ ಸಹಿ ಮಾಡಬೇಕು. ಪಾಲಕರ ಸಭೆಯಲ್ಲಿ ಒಬ್ಬ ತಾಯಿ ಎದ್ದುನಿಂತು, "ನಮ್ಮ ಹುಡುಗೀನ್ನ ಯಾರ್ಯಾರು ನೋಡ್ತಾರ್ರಿ ಸರ?" ಎಂದು ಕೇಳಿದರು. ಆ ಪ್ರಶ್ನೆಗೆ ಆ ವಹಿಯನ್ನೇ ತೆರೆದು ತೋರಿಸಿದೆ. ಸೆಟ್ ಕೊಳ್ಳುವ ಮೊದಲು ಬೆಲೆ ಕೇಳುವಷ್ಟೇ ಗಟ್ಟಿಯಾಗಿ ಈ ಪ್ರಶ್ನೆಯನ್ನೂ ಅಂಗಡಿಯವರಿಗೆ ಕೇಳಬೇಕು.

ಇಷ್ಟೆಲ್ಲ ಕೊರತೆಗಳಿದ್ದರೂ ಈ ಸೆಟ್ಟನ್ನು ಕೊಳ್ಳಿರೆಂದೇ ನಾನು ಹೇಳುತ್ತೇನೆ. ಅದಕ್ಕೆ ಕಾರಣ ಮಕ್ಕಳಲ್ಲಿ ಆದ ಬದಲಾವಣೆಗಿಂತ ಹೆಚ್ಚಾಗಿ ದೊಡ್ಡವರಲ್ಲಿ ಆದ ಬದಲಾವಣೆ.

ಕಾಪಿ ಎಂದರೆ ಮಗು ಚೀಟಿ ತರುವುದು ಎಂದು ಪೇಟೆಯಲ್ಲಿರುವವರು ತಿಳಿದಿರಬಹುದು. ಹಳ್ಳಿಯ ಕೇಂದ್ರಗಳಲ್ಲಿ ಮಾರ್ಚ್ ಕಳೆದವರಿಗೆ ಅದರ ಬೇರು ಎಲ್ಲಿದೆಯೆಂಬುದು ಗೊತ್ತು. ಪರೀಕ್ಷೆಯ ಹಿಂದಿನ ರಾತ್ರಿ ಫೋನ್ ಬರುತ್ತದೆ. "ಸರ, ನಮ್ಮ ಅಳಿಯನ ಹುಡುಗ ನಿಮ್ಮ ಸೆಂಟರ್‌ದಾಗ ಅದಾನ್ರಿ, ಗಣಿತ ಒಂದು ಸ್ವಲ್ಪ ನೋಡ್ಕೊಳ್ರಿ." ಫೋನ್ ಮಾಡಿದವರು ಕೆಟ್ಟವರಲ್ಲ. ಶಾಲೆಯ ಕಂಪೌಂಡಿಗೆ ಕಲ್ಲು ಕೊಟ್ಟವರು, ಮಳೆಗಾಲದಲ್ಲಿ ಸೋರುವ ಕೊಠಡಿಗೆ ತಗಡು ಹೊದಿಸಿದವರು, ನನ್ನ ಮನೆಯ ಕಾರ್ಯಕ್ಕೆ ಬಂದು ಊಟ ಮಾಡಿ ಹೋದವರು. ಅವರಿಗೆ ಇಲ್ಲವೆನ್ನುವುದು ಕಾನೂನಿನಲ್ಲಿ ಸುಲಭ, ಊರಿನಲ್ಲಿ ಕಷ್ಟ. ಇನ್ನೊಂದು ಕಡೆ, ಫಲಿತಾಂಶ ಇಳಿದರೆ ಎಲ್ಲರೂ ಮೊದಲು ಬೆರಳು ತೋರಿಸುವುದು ಶಿಕ್ಷಕರ ಕಡೆಗೇ. ಹೀಗೆ ಎರಡೂ ಕಡೆಯಿಂದ ಒತ್ತಡ ಬಿದ್ದಾಗ, ಇಪ್ಪತ್ತು ವರ್ಷ ಪ್ರಾಮಾಣಿಕವಾಗಿ ಪಾಠ ಹೇಳಿದ ಮೇಲ್ವಿಚಾರಕರೊಬ್ಬರು ಕಿಟಕಿಯ ಕಡೆ ತಿರುಗಿ ನಿಂತುಬಿಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರು ಒಂದು ಅಕ್ಷರವನ್ನೂ ಹೇಳಿಕೊಡಲಿಲ್ಲ, ತಿರುಗಿ ನಿಂತರು, ಅಷ್ಟೇ. ಅಂದು ಮಧ್ಯಾಹ್ನ ಅವರು ಊಟ ಮಾಡಲಿಲ್ಲ.

ಕ್ಯಾಮೆರಾ ಬಂದ ವರ್ಷ ಅಂಥದೇ ಫೋನ್ ಬಂದಾಗ ನಾನು, "ಗೌಡ್ರ, ಈ ಸಲ ಬಾಗಲಕೋಟ್ಯಾಗ ಕುಂತು ನೋಡಾಕತ್ತಾರ್ರಿ. ನಾ ಏನ್ ಮಾಡಾಕ ಬರತೈತಿ ಹೇಳ್ರಿ?" ಎಂದೆ. ಅವರು ಒಂದು ಗಳಿಗೆ ಸುಮ್ಮನಿದ್ದು, "ಹಂಗಾದ್ರ ಬಿಡ್ರಿ" ಎಂದರು. ಮನಸ್ತಾಪವಾಗಲಿಲ್ಲ, ಮರುದಿನ ಎದುರಾದಾಗ ನಮಸ್ಕಾರವೂ ತಪ್ಪಲಿಲ್ಲ. ಇಲ್ಲವೆನ್ನುವ ಧೈರ್ಯವಿಲ್ಲದಿದ್ದ ಎಷ್ಟೋ ಶಿಕ್ಷಕರಿಗೆ ಇಲ್ಲವೆನ್ನಲು ಒಂದು ದಾರಿ ಸಿಕ್ಕಿತು. ಕೇಂದ್ರದ ಸುತ್ತ 200 ಮೀಟರ್ ನಿಷೇಧಿತ ಪ್ರದೇಶ, ಜೆರಾಕ್ಸ್ ಅಂಗಡಿಗಳಿಗೆ ಬೀಗ, ಕೇಂದ್ರದಲ್ಲೇ ಕುಳಿತು ಕಾಯುವ ಸ್ಥಾನಿಕ ಜಾಗೃತ ದಳ, ಮೊಬೈಲುಗಳನ್ನು ತೆಗೆದಿಟ್ಟುಕೊಳ್ಳುವ ಸ್ವಾಧೀನಾಧಿಕಾರಿ ಇವೆಲ್ಲ ಮೊದಲೂ ಇದ್ದವು. ಆದರೆ ಆ ದಳದವರೂ ಅಧಿಕಾರಿಗಳೂ ಇದೇ ಸೀಮೆಯವರು, ಅವರಿಗೂ ಇದೇ ಬೀಗರು, ಇದೇ ಫೋನುಗಳು. ಪಡಸಾಲೆಯ ಕ್ಯಾಮೆರಾ ಬಂದ ಮೇಲೆ ಹಿಂದಿನ ಗೋಡೆ ಹತ್ತಿ ಚೀಟಿ ಒಗೆಯುವವರೂ ಕಾಣೆಯಾದರು.

ಕ್ಯಾಮೆರಾಕ್ಕೆ ದಕ್ಕದ ಸಂಗತಿಗಳೂ ಇವೆ. ನಮ್ಮ ಸೆಟ್ಟಿನಲ್ಲಿ ಧ್ವನಿ ದಾಖಲಾಗುವುದಿಲ್ಲ. ಗಣಿತ ಪತ್ರಿಕೆಯಲ್ಲಿ ಎಂಟು ಬಹು ಆಯ್ಕೆಯ ಪ್ರಶ್ನೆಗಳಿವೆ. ಉತ್ತರ ಹೇಳಲು ಬಾಯಿ ಬೇಕಿಲ್ಲ, ಬೆನ್ನ ಹಿಂದೆ ಎರಡು ಬೆರಳು ತೋರಿಸಿದರೆ 'ಬಿ' ಎಂದು ತಿಳಿಯುತ್ತದೆ. ಜಿಲ್ಲಾ ಕೇಂದ್ರಕ್ಕೆ ಹೋಗುವ ಸಣ್ಣ ಗಾತ್ರದ ಚಿತ್ರದಲ್ಲಿ ಆ ಬೆರಳುಗಳನ್ನು ಗುರುತಿಸಲಾಗದು, ನಮ್ಮ ಡಿಸ್ಕಿನಲ್ಲಿರುವ ದೊಡ್ಡ ಚಿತ್ರದಲ್ಲಿ ನಿಧಾನವಾಗಿ ನೋಡಿದರೆ ಮಾತ್ರ ಕಾಣುತ್ತದೆ. ಇನ್ನು ಪ್ರಶ್ನೆಪತ್ರಿಕೆಯೇ ಮೊದಲು ಹೊರಬಿದ್ದರೆ ಕೊಠಡಿಯ ಕ್ಯಾಮೆರಾದಿಂದ ಏನೂ ಆಗದು. 2016ರಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪತ್ರಿಕೆ ಸೋರಿ, ಮತ್ತೆ ನಡೆಸಬೇಕಿದ್ದ ಪರೀಕ್ಷೆಯ ಪತ್ರಿಕೆಯೂ ಸೋರಿ, ಮಕ್ಕಳು ಮೂರನೆಯ ಸಲ ಓದಿಕೊಳ್ಳಬೇಕಾಯಿತು. ಆ ವರ್ಷ ನನ್ನ ತಮ್ಮನ ಮಗಳು ಆ ಮಕ್ಕಳಲ್ಲಿ ಒಬ್ಬಳಾಗಿದ್ದಳು. ಅವಳ ತಪ್ಪೇನೂ ಇರಲಿಲ್ಲ.

ಕಾಪಿ ತಡೆಯುವ ಹೆಸರಿನಲ್ಲಿ ಮಕ್ಕಳನ್ನು ಅವಮಾನಿಸುವುದನ್ನು ನಾನು ಒಪ್ಪುವುದಿಲ್ಲ. 2019ರ ಅಕ್ಟೋಬರ್‌ನಲ್ಲಿ ಹಾವೇರಿಯ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳ ತಲೆಗೆ ರಟ್ಟಿನ ಡಬ್ಬಿ ಹಾಕಿಸಿ ಪರೀಕ್ಷೆ ಬರೆಸಿದ ಚಿತ್ರವನ್ನು ನೋಡಿದವರು ಮರೆತಿರಲಾರರು. ಮೂಲೆಯಲ್ಲಿರುವ ಕ್ಯಾಮೆರಾ ಮಗುವನ್ನು ಮುಟ್ಟುವುದಿಲ್ಲ, ಗದರಿಸುವುದಿಲ್ಲ. ಹಾಗೆಂದು ಹೆದರಿಸುವುದಿಲ್ಲವೆಂದು ಹೇಳಲಾರೆ. ಮೊದಲ ವರ್ಷ ಕೆಲವು ಮಕ್ಕಳು ಪೆನ್ನು ಕೆಳಗೆ ಬಿದ್ದರೂ ಬಗ್ಗಿ ಎತ್ತಿಕೊಳ್ಳಲು ಅಂಜಿದರು. ಎರಡನೆಯ ವರ್ಷ ಜುಲೈನಿಂದಲೇ ಪ್ರತಿ ಕಿರುಪರೀಕ್ಷೆಯನ್ನೂ ಇವೇ ಕ್ಯಾಮೆರಾಗಳ ಕೆಳಗೆ ಬರೆಸಿದೆವು. ಮಾರ್ಚ್ ಬರುವ ಹೊತ್ತಿಗೆ ಮಕ್ಕಳು ಅವುಗಳ ಕಡೆ ತಲೆಯೆತ್ತಿಯೂ ನೋಡುತ್ತಿರಲಿಲ್ಲ.

ಫಲಿತಾಂಶ ಇಳಿಯುತ್ತದೆ, ಇದನ್ನು ಮುಚ್ಚಿಡಬೇಕಾಗಿಲ್ಲ. 2023ರಲ್ಲಿ ಶೇ 83.89ರಷ್ಟಿದ್ದ ರಾಜ್ಯದ ಫಲಿತಾಂಶ 2024ರಲ್ಲಿ ಶೇ 73.40ಕ್ಕೆ ಬಂದಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿ, ಅದನ್ನು ಪಡೆಯಲು ಬೇಕಾದ ಅರ್ಹತೆಯನ್ನು ಶೇ 35ರಿಂದ 25ಕ್ಕೆ ಇಳಿಸಿದ ಮೇಲೆ. ಮರುವರ್ಷ ಆ ಹೆಚ್ಚುವರಿ ಕೃಪಾಂಕವೂ ಇರಲಿಲ್ಲ. ನಮ್ಮ ಶಾಲೆಯ ಫಲಿತಾಂಶವೂ ಇಳಿಯಿತು. ಊರಿನ ಕೆಲವರು, ದೇಣಿಗೆ ಕೊಟ್ಟು ನಮ್ಮ ಹುಡುಗರನ್ನು ನಾವೇ ನಪಾಸು ಮಾಡಿಸಿದಂತಾಯಿತು ಎಂದರು. ಅವರಿಗೆ ನಾನು ನಪಾಸಾದ ಮಕ್ಕಳ ಹಳೆಯ ಅಂಕಪಟ್ಟಿಗಳನ್ನು ತೋರಿಸಿದೆ. ಎಂಟನೆಯ ತರಗತಿಯಿಂದಲೂ ಅವರಲ್ಲಿ ಹಲವರು ಭಿನ್ನರಾಶಿಯಲ್ಲೇ ಸಿಕ್ಕಿಕೊಂಡಿದ್ದರು. ಕಬ್ಬು ಕಡಿಯುವ ಹಂಗಾಮಿನಲ್ಲಿ ತಿಂಗಳುಗಟ್ಟಲೆ ಶಾಲೆ ತಪ್ಪಿಸಿಕೊಂಡವರೂ ಅವರಲ್ಲಿದ್ದರು. ಮೊದಲೆಲ್ಲ ಅಂಥ ಮಗು ಹೇಗೋ ಪಾಸಾಗಿ, ಪಿಯುಸಿಯ ಮೊದಲ ವರ್ಷದಲ್ಲಿ ಮುಗ್ಗರಿಸಿ, ಯಾರ ಲೆಕ್ಕಕ್ಕೂ ಸಿಗದೆ ಕಾಲೇಜು ಬಿಡುತ್ತಿತ್ತು. ಈಗ ಅದರ ಹೆಸರು ನಮ್ಮ ಮೇಜಿನ ಮೇಲಿರುತ್ತದೆ. ಪರೀಕ್ಷೆ–1ರಲ್ಲಿ ನಪಾಸಾದವರು ಅದೇ ವರ್ಷ ಪರೀಕ್ಷೆ–2 ಬರೆಯಬಹುದಾದ್ದರಿಂದ ಅದೇ ಬೇಸಿಗೆಯಲ್ಲಿ ಕೂರಿಸಿ ಕಲಿಸಲು ಬರುತ್ತದೆ. ಮೊದಲ ವರ್ಷ ಹಾಗೆ ಕೂರಿಸಿದ ಮಕ್ಕಳಲ್ಲಿ ಎಲ್ಲರೂ ಪಾಸಾಗಲಿಲ್ಲ, ಪಾಸಾದವರು ಮಾತ್ರ ತಾವೇ ಬರೆದು ಪಾಸಾದರು. ಇದೇ 2024ರಲ್ಲಿ, ಇವೇ ಕ್ಯಾಮೆರಾಗಳ ಕಾಲದಲ್ಲಿ, ನಮ್ಮದೇ ಮುಧೋಳ ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ರೈತನ ಮಗಳೊಬ್ಬಳು 625ಕ್ಕೆ 625 ಅಂಕ ಪಡೆದು ರಾಜ್ಯಕ್ಕೆ ಮೊದಲಿಗಳಾದಳು. ಆ ಅಂಕಗಳ ಬಗ್ಗೆ ಯಾರೂ ಒಂದು ಅನುಮಾನದ ಮಾತಾಡಲಿಲ್ಲ ಎಂಬುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಅಂಗಡಿಯ ಸೇವೆಗೆ ಬಂದರೆ, ಕರೆದಾಗ ಬರುತ್ತಾರೆ, ಕರೆದ ದಿನವೇ ಬರುವುದಿಲ್ಲ. ಬೇರೆ ತಿಂಗಳಲ್ಲಿ ಎರಡು ದಿನ ತಡವಾದರೆ ನಡೆಯುತ್ತದೆ, ಪರೀಕ್ಷೆಯ ವಾರದಲ್ಲಿ ನಡೆಯುವುದಿಲ್ಲ. ಎರಡು ವರ್ಷಗಳಲ್ಲಿ ಒಂದು ಕ್ಯಾಮೆರಾ ಸಿಡಿಲಿಗೆ ಸುಟ್ಟಿತು, ಉಳಿದ ಹದಿನಾಲ್ಕು ಚೆನ್ನಾಗಿವೆ. ಕತ್ತಲಲ್ಲಿ ನೋಡಲೆಂದು ಕ್ಯಾಮೆರಾ ಸುತ್ತ ಇರುವ ದೀಪಗಳಿಗೆ ಹುಳುಗಳು ಬರುತ್ತವೆ, ಹುಳುಗಳಿಗಾಗಿ ಜೇಡ ಬಂದು ಲೆನ್ಸಿನ ಮುಂದೆಯೇ ಬಲೆ ನೇಯುತ್ತದೆ. ಕೊಠಡಿಯ ಕ್ಯಾಮೆರಾಗಳಲ್ಲಿ ಆ ದೀಪವನ್ನು ಆರಿಸಿಟ್ಟರೆ ಈ ಕಾಟ ತಪ್ಪುತ್ತದೆ. ಸಕ್ಕರೆ ಕಾರ್ಖಾನೆಗಳು ನುರಿಸುವ ತಿಂಗಳುಗಳಲ್ಲಿ ಗಾಳಿಯಲ್ಲಿ ಬರುವ ಕರಿಬೂದಿ ಲೆನ್ಸಿನ ಮೇಲೆ ಕೂತು ಚಿತ್ರ ಮಸುಕಾಗುತ್ತದೆ. ಅದನ್ನು ಒಣಬಟ್ಟೆಯಿಂದ ತಿಕ್ಕಿದರೆ ಗೀರು ಬೀಳುತ್ತದೆ, ಮೊದಲು ಊದಿ ಆಮೇಲೆ ಮೆತ್ತನೆಯ ಹಸಿಬಟ್ಟೆಯಿಂದ ಒರೆಸಬೇಕು.

ವಾರ್ಷಿಕ ನಿರ್ವಹಣಾ ಒಪ್ಪಂದವನ್ನು ಇದೇ ಅಂಗಡಿಯೊಂದಿಗೆ ಈ ವರ್ಷವೂ ಮುಂದುವರಿಸಿದ್ದೇವೆ. ಅವರ ಅಚ್ಚು ಹಾಕಿಸಿದ ನಮೂನೆಯ ಕೆಳಗೆ ಮೂರು ಸಾಲುಗಳನ್ನು ಕೈಯಿಂದ ಬರೆದು ಸೇರಿಸಿದ್ದೇನೆ: ಫೆಬ್ರವರಿ ಕೊನೆಯ ವಾರದಲ್ಲಿ ತಂತ್ರಜ್ಞರು ಬಂದು, ಮಕ್ಕಳು ಕುಳಿತಿರುವಾಗಲೇ ಹದಿನೈದೂ ಕ್ಯಾಮೆರಾಗಳನ್ನು ತೋರಿಸಬೇಕು, ಪರೀಕ್ಷೆ ನಡೆಯುವ ದಿನಗಳಲ್ಲಿ ಫೋನ್ ಮಾಡಿದ ಎರಡು ಗಂಟೆಯೊಳಗೆ ಬರಬೇಕು, ಅಂಗಡಿಯ ಯಾರ ಮೊಬೈಲಿನಲ್ಲೂ ನಮ್ಮ ಶಾಲೆಯ ಸಂಪರ್ಕ ಇರಕೂಡದು. ಅಂಗಡಿಯವರು ಓದಿ, ಎರಡನೆಯ ಸಾಲಿಗೆ ವರ್ಷಕ್ಕೆ ಒಂದು ಸಾವಿರ ರೂಪಾಯಿ ಹೆಚ್ಚು ಕೇಳಿದರು. ಕೊಟ್ಟು ಸಹಿ ಮಾಡಿಸಿಕೊಂಡೆವು.